ಮೈ ಮುಟ್ಟಿದವರು ಮಾತು ಮುಟ್ಟಿಸಲಿಲ್ಲ

ನಮ್ಮವ್ವನ ಕಾಲು ಊದಿಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುವ ಹಾಗಾದಾಗ ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದೆ. ಅದು ಡಾಕ್ಟರಿಕೆ ಓದುವವರಿಗೆ ಪಾಠ ಹೇಳುವ ಆಸ್ಪತ್ರೆ. ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ಕೋಟಿನ ಹದಿನೈದು ಹುಡುಗ ಹುಡುಗಿಯರು ಮಂಚದ ಸುತ್ತ ನಿಂತರು. ದೊಡ್ಡ ಡಾಕ್ಟರು ಅವ್ವನ ಸೆರಗು ಸರಿಸಿ, ಎದೆಯ ಮೇಲೆ ಕೊಳವೆ ಇಟ್ಟು, ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಹೋದರು. ಹುಡುಗರು ಒಬ್ಬೊಬ್ಬರಾಗಿ ಬಗ್ಗಿ ಕೇಳಿಸಿಕೊಂಡರು. ಅವಳ ಎದೆಯಲ್ಲಿ ಕೇಳಲೇಬೇಕಾದ ಯಾವುದೋ ಸದ್ದಿತ್ತಂತೆ. ಹೊರಡುವಾಗ ಒಬ್ಬ ಹುಡುಗ ಇನ್ನೊಬ್ಬನಿಗೆ "ಒಳ್ಳೇ ಕೇಸು ಕಣೋ" ಅಂದ. ಅವರೆಲ್ಲ ಮುಂದಿನ ಮಂಚಕ್ಕೆ ಹೋದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಕೇಳಿದಳು:

"ಏನ್ಲಾ ಮಗ, ಏನಂದ್ರು?"

ನನಗೂ ಗೊತ್ತಿರಲಿಲ್ಲ. ಸುಮ್ಮನಿದ್ದೆ.

"ನನ್ನೆದೆ ಸದ್ದ ಅಷ್ಟೂ ಜನ ಕೇಳ್ಕಂಡೋದ್ರು. ಅದೇನು ಅಂತ ನಂಗೊಬ್ಳಿಗೆ ಯಾಕ್ಲಾ ಯೋಳ್ನಿಲ್ಲ?"

ಈ ಮಾತನ್ನು ನಾನು ಬಹಳ ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಅಕ್ಷರ ಕಲಿಯದ ಮುದುಕಿಯೊಬ್ಬಳು ವೈದ್ಯವಿಜ್ಞಾನದ ಬುಡಕ್ಕೇ ಕೈ ಹಾಕಿ ಕೇಳಿದ ಪ್ರಶ್ನೆ ಇದು. ರೋಗ ಹೇಗೆ ಹುಟ್ಟುತ್ತದೆ, ಹೇಗೆ ಗುರುತಿಸಬೇಕು, ಯಾವ ಮದ್ದಿಗೆ ಮಣಿಯುತ್ತದೆ ಎಂಬ ತಿಳಿವಳಿಕೆ ಆಕಾಶದಿಂದ ಉದುರಿದ್ದಲ್ಲ. ಮೈಗಳಿಂದ ತೆಗೆದದ್ದು. ಸರ್ಕಾರಿ ಆಸ್ಪತ್ರೆಯ ಹಾಸಿಗೆಯ ಮೇಲೆ ಹೆಚ್ಚಾಗಿ ಮಲಗಿರುವುದು ಕೂಲಿಯವರು, ಕೇರಿಯವರು. ಹಾಗಾದರೆ ಆ ತಿಳಿವಳಿಕೆ ಯಾರ ಸ್ವತ್ತು? ಮೈ ಕೊಟ್ಟವರಿಗೆ ಕಲಿತವರು ಏನಾದರೂ ಋಣಿಗಳೇ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಿಜ್ಞಾನದ ವಿರೋಧಿಯಲ್ಲ. ಸಿಡುಬನ್ನು ಮಾರಿಯ ಮುನಿಸು ಅಂದುಕೊಂಡು ಮಕ್ಕಳನ್ನು ಮಣ್ಣು ಮಾಡಿದ ಜನ ನಾವು. ಆ ರೋಗವನ್ನು ಭೂಮಿಯ ಮೇಲಿಂದ ಅಳಿಸಿದ್ದು ಲಸಿಕೆ, ಯಾವ ಹರಕೆಯ ಕೋಣವೂ ಅಲ್ಲ. ನಮ್ಮ ಜನರಿಗೆ ಬೇಕಾಗಿರುವುದು ಇನ್ನಷ್ಟು ವಿಜ್ಞಾನವೇ. ನನ್ನ ತಕರಾರು ವಿಜ್ಞಾನ ನಮ್ಮನ್ನು ಮುಟ್ಟಿದ ಬಗೆಯ ಮೇಲೆ.

ಮುಟ್ಟುವುದು ಅಂದಾಗ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1929ರಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರು ಗಾಂಧಿಯವರ 'ಯಂಗ್ ಇಂಡಿಯಾ' ಪತ್ರಿಕೆಗೆ ಕಾಗದ ಬರೆದಿದ್ದರು. ಅದನ್ನು ಅಂಬೇಡ್ಕರರು ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಮೇಷ್ಟ್ರ ಹೆಂಡತಿ ಬಾಣಂತಿ. ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಕ್ಕೆ ಕಾಲಿಡಲು ಒಪ್ಪಲಿಲ್ಲ. ಬಾಣಂತಿಯನ್ನೇ ಹೊರಗೆ ತಂದು ಕೂರಿಸಿದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟರು, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಅದು ವಾಪಸ್ಸು ಹೋಯಿತು. ದೂರ ನಿಂತೇ ನ್ಯುಮೋನಿಯಾ ಅಂದರು. ಬಾಣಂತಿ ಉಳಿಯಲಿಲ್ಲ.

ಕಾಯಿಲೆಯ ಹೆಸರು ಹೇಳುವ ವಿದ್ಯೆ ಆ ಡಾಕ್ಟರಿಗೆ ಇತ್ತು. ಮುಟ್ಟುವ ಮನಸ್ಸು ಇರಲಿಲ್ಲ. ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ನಿಜ. ನಮ್ಮವ್ವನ ಎದೆಯನ್ನು ಹದಿನೈದು ಜನ ಮುಟ್ಟಿದರು. ಅವಳ ಜಾತಿ ಯಾರೂ ಕೇಳಲಿಲ್ಲ. ಆದರೆ ಅವಳ ಹತ್ತಿರ ಯಾರೂ ಮಾತೂ ಆಡಲಿಲ್ಲ. ಅಂದು ಮೈ ಮೈಲಿಗೆಯಾಗಿತ್ತು. ಇಂದು ಮೈ ಪಠ್ಯವಾಗಿದೆ. ಎರಡು ಕಾಲದಲ್ಲೂ ಮೈಯೊಳಗಿನ ಮನುಷ್ಯ ಹೊರಗೇ ನಿಂತಿದ್ದಾನೆ.

ಇದು ಒಬ್ಬ ಮುದುಕಿಯ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಒಂದು ಊರಿನ ಹೆಸರೇ ಕಾಯಿಲೆಯ ಹೆಸರಾಗಿ ಜಗತ್ತಿನ ವೈದ್ಯ ಪುಸ್ತಕಗಳನ್ನು ಸೇರಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ಪರಿಶಿಷ್ಟ ಜಾತಿಯ ಕೂಲಿ ಕುಟುಂಬಗಳಲ್ಲಿ ಒಂದು ವಿಚಿತ್ರ ಬೇನೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿ ನೋಯುತ್ತವೆ. ಬರುಬರುತ್ತಾ ಕೀಲು ಸವೆದು, ಬೆನ್ನು ಬಾಗಿ, ನಡಿಗೆ ಕೆಡುತ್ತದೆ. ಕೆಲವರು ಎತ್ತರಕ್ಕೆ ಬೆಳೆಯುವುದೇ ಇಲ್ಲ. ಬಗ್ಗಿ ನಾಟಿ ಮಾಡಿ ಬದುಕುವವರಿಗೆ ಬಗ್ಗಲೂ ಆಗದ, ಏಳಲೂ ಆಗದ ಕಾಯಿಲೆ. ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದು ಕಂಡುಬಂತು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ, 1977ರಲ್ಲಿ 'ಮಲೆನಾಡಿನ ಕೌಟುಂಬಿಕ ಸಂಧಿವಾತ' ಎಂಬ ಅರ್ಥದ ಹೆಸರಿಟ್ಟು ಬರೆದರು. ಅದೇ ಕಾಲಕ್ಕೆ ಇನ್ನೊಂದು ಗುಮಾನಿ ಎಲ್ಲೆಡೆ ಹಬ್ಬಿತು. ಹಸಿರು ಕ್ರಾಂತಿಯ ಹೆಸರಿನಲ್ಲಿ ಗದ್ದೆಗೆ ಕೀಟನಾಶಕ ಸುರಿದರು, ಆ ಗದ್ದೆಯ ಏಡಿ ಹಿಡಿದು ತಿಂದ ಬಡವರ ಕೀಲು ಹಿಡಿಯಿತು ಎಂಬ ಗುಮಾನಿ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಏಡಿಯ ಕತೆ ನಮ್ಮಂಥವರಿಗೆ ಬಹಳ ಹಿಡಿಸಿತು. ಅದರಲ್ಲಿ ನಮಗೆ ಬೇಕಾದದ್ದೆಲ್ಲ ಇತ್ತು. ಜಮೀನ್ದಾರನ ಗದ್ದೆ, ಕಂಪನಿಯ ವಿಷ, ಸರ್ಕಾರದ ಯೋಜನೆ, ಹಸಿದವನ ಏಡಿ. ನಾನೂ ಭಾಷಣಗಳಲ್ಲಿ ಅದನ್ನು ಸಾಬೀತಾದ ಸತ್ಯದಂತೆ ಹೇಳಿದ್ದೇನೆ. ಮುಂದೆ ಎಕ್ಸ್‌ರೇಗಳನ್ನೂ ಮನೆತನಗಳ ವಂಶಾವಳಿಯನ್ನೂ ಕೂಡಿಸಿ ನೋಡಿದ ವೈದ್ಯರು 1994ರಲ್ಲಿ ಬೇರೆ ಮಾತು ಹೇಳಿದರು. ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ದೋಷ, ವಂಶವಾಹಿಯ ಮೂಲಕ ಬರುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಸತ್ಯ ನಮ್ಮ ಘೋಷಣೆಗೆ ಒಗ್ಗಲಿಲ್ಲವೆಂದು ಅದನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ನೋವು ಅನುಭವಿಸುವವನಿಗೆ ಬೇಕಾಗಿರುವುದು ನಿಜವಾದ ಕಾರಣ. ನಮಗೆ ಅನುಕೂಲವಾದ ಕಾರಣ ಕಟ್ಟಿಕೊಂಡು ಅವನೇನು ಮಾಡಲಿ? ಅವನ ಬೇನೆಯನ್ನು ನಮ್ಮ ಭಾಷಣಕ್ಕೆ ಬಳಸಿಕೊಂಡರೆ, ಅವನನ್ನು 'ಒಳ್ಳೇ ಕೇಸು' ಮಾಡಿದ ಹುಡುಗನಿಗೂ ನಮಗೂ ಏನು ಅಂತರ?

ಆದರೆ ವಿಜ್ಞಾನಿ ಆಡಿದ ಮಾತು ಊರಿಗೆ ಬರುವಷ್ಟರಲ್ಲಿ ಬೇರೆಯಾಗುತ್ತದೆ. 'ವಂಶವಾಹಿ' ಎಂಬ ಮಾತು ನಮ್ಮ ಸಮಾಜದ ಕಿವಿಗೆ 'ಅವರ ರಕ್ತಾನೇ ಹಂಗೆ' ಎಂದು ಕೇಳಿಸುತ್ತದೆ. ಪುರೋಹಿತ ಇದನ್ನೇ ಪೂರ್ವಜನ್ಮದ ಪಾಪ ಅನ್ನುತ್ತಿದ್ದ. ಹಣೆಬರಹ ಹೋಗಿ ರಕ್ತಬರಹ ಬಂತು. ಎರಡರಿಂದಲೂ ಸಮಾಜಕ್ಕೆ ಸಿಗುವುದು ಒಂದೇ ಸಮಾಧಾನ: ಇದಕ್ಕೆ ನಾವೇನೂ ಮಾಡಬೇಕಾಗಿಲ್ಲ.

ಈ ಸಮಾಧಾನ ಸುಳ್ಳು. ವಂಶವಾಹಿಗೆ ಜಾತಿ ಗೊತ್ತಿಲ್ಲ. ಯಾವುದೋ ಕಾಲದಲ್ಲಿ ಯಾವುದೋ ಒಂದು ಜೀವದಲ್ಲಿ ಆದ ಬದಲಾವಣೆ ಕೆಲವೇ ಮನೆತನಗಳ ಒಳಗೆ ಸುತ್ತುತ್ತ ಉಳಿದದ್ದು ಮದುವೆಯ ಬೇಲಿಯಿಂದ. ಜಾತಿಯ ಜೀವಾಳ ಒಳಮದುವೆ ಎಂದು ಅಂಬೇಡ್ಕರರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದ್ದರು. ಬೇಲಿ ಕಿತ್ತ ಮಾತ್ರಕ್ಕೆ ಈ ಕಾಯಿಲೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾರನ್ನು ಮದುವೆಯಾದರೂ ಆ ಅರ್ಧಕ್ಕರ್ಧದ ಲೆಕ್ಕ ಹಾಗೇ ಉಳಿಯುತ್ತದೆ. ಆದರೆ ಇದು ಒಂದು ಜಾತಿಯ ಕಾಯಿಲೆಯಂತೆ ಕಾಣುವುದಕ್ಕೆ ಕಾರಣ ಆ ಜಾತಿಯ ರಕ್ತವಲ್ಲ, ನಾವೆಲ್ಲ ಸೇರಿ ಕಾಯ್ದುಕೊಂಡು ಬಂದ ಬೇಲಿ. ಬೇಲಿ ಹಾಕಿದವರೂ ಆ ನೋವಿಗೆ ಪಾಲುದಾರರು.

ಇಲ್ಲೊಬ್ಬರು ಎದ್ದು ಕೇಳಬಹುದು: "ವಿಜ್ಞಾನಿ ಕಾರಣ ಹುಡುಕಿದ, ಹೇಳಿದ. ಗುಣ ಮಾಡುವ ಮದ್ದು ಇಲ್ಲದಿದ್ದರೆ ಅವನೇನು ಮಾಡಿಯಾನು?" ನ್ಯಾಯವಾದ ಪ್ರಶ್ನೆ. ವಂಶವಾಹಿಯ ದೋಷವನ್ನು ಮಾತ್ರೆಯಿಂದ ತಿದ್ದಲು ಬರುವುದಿಲ್ಲ. ಆದರೆ 'ಗುಣವಾಗುವುದಿಲ್ಲ' ಎಂಬುದೂ 'ಏನೂ ಮಾಡಲಾಗುವುದಿಲ್ಲ' ಎಂಬುದೂ ಒಂದೇ ಮಾತಲ್ಲ. ನೋವು ತಗ್ಗಿಸಬಹುದು. ಸವೆದ ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ ಇದೆ, ನಗರದಲ್ಲಿ ಹಣವುಳ್ಳವರು ಮಾಡಿಸಿಕೊಂಡು ಓಡಾಡುತ್ತಿದ್ದಾರೆ. ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಕೂತು ಬಳಸುವ ಪಾಯಿಖಾನೆ, ಕೂತು ಮಾಡುವ ಕೆಲಸ, ಬದುಕುವಷ್ಟು ಮಾಸಾಶನ ಬೇಕು. ಮದುವೆಯಾಗುವ ಹುಡುಗ ಹುಡುಗಿಗೆ ಅರ್ಧಕ್ಕರ್ಧದ ಲೆಕ್ಕವನ್ನು ಅವರ ಭಾಷೆಯಲ್ಲಿ, ಅಂಜಿಸದೆ, ಅವಮಾನಿಸದೆ ಕೂತು ವಿವರಿಸುವವರು ಬೇಕು. ಇದ್ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ.

ಮೈ ನೋಡುವುದರ ಜೊತೆಗೆ ಮನುಷ್ಯನನ್ನೂ ಕೇಳಿದ ಸಂಶೋಧನೆ ನಮ್ಮ ನಾಡಿನಲ್ಲೇ ನಡೆದಿದೆ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಗರು ಮೂಢರು, ಕ್ಷಯ ಬಂದರೂ ಅವರಿಗೆ ತಿಳಿಯುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಓದಿದವರ ನಂಬಿಕೆಯಾಗಿತ್ತು. ಇವರು ರೋಗಿಗಳನ್ನೇ ಮಾತಾಡಿಸಿದರು. ತಿಳಿದದ್ದು ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಮೈ ಕೆಟ್ಟಿರುವುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅಲ್ಲಿ ಅವರ ಕೈಗೆ ಒಂದು ಸೀಸೆ ಕೆಮ್ಮಿನ ಔಷಧಿ ಕೊಟ್ಟು ಸಾಗಹಾಕಿದ್ದರು.

ಇಡೀ ಲೆಕ್ಕವೇ ತಿರುವುಮುರುವಾಯಿತು. ದಡ್ಡತನ ರೋಗಿಯದಲ್ಲ, ಆಸ್ಪತ್ರೆಯದು. ಬಾಗಿಲಿಗೆ ಬಂದ ಕೆಮ್ಮಿನವನ ಕಫ ಪರೀಕ್ಷೆ ಮಾಡಿ ಎಂಬ ಸರಳ ಪಾಠ ದೇಶದ ಕ್ಷಯ ಯೋಜನೆಗೆ ಸಿಕ್ಕಿತು. ಬರೀ ಎದೆಯ ಎಕ್ಸ್‌ರೇ ನೋಡುತ್ತ ಕೂತಿದ್ದರೆ ಇದು ತಿಳಿಯುತ್ತಿರಲಿಲ್ಲ. ಎದೆಯ ಒಡೆಯನಿಗೂ ನಾಲಿಗೆಯಿದೆ ಎಂದು ನೆನಪಿಟ್ಟುಕೊಂಡವರಿಗೆ ಮಾತ್ರ ತಿಳಿಯಿತು. ಅಂದರೆ ರೋಗಿಯನ್ನು ಮನುಷ್ಯನಂತೆ ಕಾಣುವುದು ವಿಜ್ಞಾನಕ್ಕೆ ಮೇಲುಹೊದಿಕೆಯ ದಯೆಯಲ್ಲ. ಅದಿಲ್ಲದಿದ್ದರೆ ವಿಜ್ಞಾನವೇ ಕುರುಡಾಗುತ್ತದೆ.

ಮನುಷ್ಯರ ಮೇಲಿನ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ನೀತಿಯ ಮಾತು ಬರೆಯಿತು. 2017ರ ನಿಯಮಗಳಲ್ಲಿ ಒಪ್ಪಿಗೆಯ ಮಾತಿದೆ, ದುರ್ಬಲರ ರಕ್ಷಣೆಯ ಮಾತಿದೆ, ಫಲದಲ್ಲಿ ಪಾಲಿನ ಮಾತೂ ಇದೆ. ಒಳ್ಳೆಯದು. ಆದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಷ್ಟೇ ಒಪ್ಪಿಗೆಯಲ್ಲ. ನಮ್ಮ ಅಪ್ಪಂದಿರು ಸಾಹುಕಾರನ ಪತ್ರಕ್ಕೂ ಹೆಬ್ಬೆಟ್ಟು ಒತ್ತಿದ್ದರು. ಅದು ಎಂಥ ಒಪ್ಪಿಗೆ ಎಂದು ನಮಗೆ ಗೊತ್ತು.

ನಾನು ಕೇಳುವುದು ಭಿಕ್ಷೆಯಲ್ಲ, ಸಾಲದ ಲೆಕ್ಕ. ಸಾಹುಕಾರನ ಸಾಲ ತೀರಿಸಲು ನಮ್ಮ ಹಿರಿಯರು ತಲೆಮಾರುಗಟ್ಟಲೆ ಜೀತ ಮಾಡಿದರು. ವಿಜ್ಞಾನ ನಮ್ಮ ಮೈಯಿಂದ ಪಡೆದ ಸಾಲಕ್ಕೆ ಯಾರೂ ಜೀತ ಮಾಡಬೇಕಿಲ್ಲ. ಮೈಯಿಂದ ಕಲಿತದ್ದನ್ನು ಮೊದಲು ಆ ಮೈಯವರಿಗೆ ಹೇಳಿ. ಕಲಿತದ್ದರಿಂದ ಹುಟ್ಟಿದ ಚಿಕಿತ್ಸೆಯನ್ನು ಮೊದಲು ಅವರ ಬಾಗಿಲಿಗೆ ತನ್ನಿ. ಚಿಕಿತ್ಸೆ ಇಲ್ಲದಿದ್ದರೆ, ಬರೆದು ಮುಗಿಸಿದ ಮೇಲೂ ಅವರ ಜೊತೆ ಇರಿ.

ಅವ್ವ ಮೂರು ವರ್ಷ ಬದುಕಿದ್ದಳು. ಅವಳು ಸತ್ತ ಮೇಲೆ ಟ್ರಂಕಿನಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಪರಿಚಯದ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಕನ್ನಡದಲ್ಲೇ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಗಂಟಲು ಬೇನೆ ಬಂದಿರುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು. ಅದನ್ನು ಕೊಲ್ಲಲು ಮೈ ಕಟ್ಟಿದ ಪಡೆಯೇ ದಾರಿ ತಪ್ಪಿ ಹೃದಯದ ಕವಾಟದ ಮೇಲೆ ಬೀಳುತ್ತದೆ. ಕೀಲು ಊದುತ್ತವೆ, ಜ್ವರ ಬರುತ್ತದೆ, ಹೋಗುತ್ತದೆ. ಕವಾಟ ಮಾತ್ರ ಗಾಯಗೊಂಡು ಉಳಿಯುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ಒತ್ತೊತ್ತಾಗಿ ಮಲಗುವ ಬಡವರ ಮಕ್ಕಳಿಗೇ ಇದು ಹೆಚ್ಚು. ಹೊತ್ತಿಗೆ ಸರಿಯಾಗಿ ಕಂಡುಹಿಡಿದು ಪೆನಿಸಿಲಿನ್ ಕೊಟ್ಟರೆ ತಡೆಯಬಹುದು. ಅದೇನು ದುಬಾರಿ ಮದ್ದಲ್ಲ.

ಅವ್ವ ನಮ್ಮ ಕೇರಿಯ ಸೂಲಗಿತ್ತಿ. ಅವಳು ಕಾಲಿಡದ ಮನೆಯಿರಲಿಲ್ಲ. ಆ ಹದಿನೈದು ಜನರಲ್ಲಿ ಒಬ್ಬರು ನಿಂತು, "ಅಮ್ಮ, ನಿಮ್ಮ ಕೇರಿ ಮಕ್ಕಳಿಗೆ ಗಂಟಲು ನೋವು, ಜ್ವರ ಬಂದು ಕೀಲು ಊದಿದ್ರೆ ಸುಮ್ನಿರಬೇಡಿ, ಕರ್ಕೊಂಡ್ ಬನ್ನಿ" ಎಂದು ಅಷ್ಟೇ ಅಷ್ಟು ಹೇಳಿದ್ದರೆ, ಅವಳು ಆ ಮಾತನ್ನು ಮನೆಮನೆಗೂ ಮುಟ್ಟಿಸುತ್ತಿದ್ದಳು. ಅವಳ ಎದೆಯ ಸದ್ದು ಹದಿನೈದು ಡಾಕ್ಟರನ್ನು ಹುಟ್ಟಿಸಿತು. ನಮ್ಮ ಕೇರಿಯ ಒಂದು ಮಗುವಿಗೂ ಅದು ಕೇಳಿಸಲಿಲ್ಲ.