ಡಿಕ್ಕಿಯೊಳಗಿನ ಐದನೇ ಚಕ್ರ

ಸ್ಟೆಪ್ನಿ ಎಂಬ ಮಾತು ಕಾರಿಲ್ಲದ ಮನೆಯವರಿಗೂ ಗೊತ್ತು. ಅದು ಮೂಲದಲ್ಲಿ ಒಂದು ಬೀದಿಯ ಹೆಸರು. ವೇಲ್ಸ್ ನಾಡಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸಹೋದರರ ಅಂಗಡಿಯಿತ್ತು. ಆಗಿನ ಮೋಟಾರುಗಳಿಗೆ ಬದಲಿ ಚಕ್ರ ಇರುತ್ತಿರಲಿಲ್ಲ; ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಟೈರು ಕಳಚಿ ರಿಪೇರಿ ಮಾಡಬೇಕಿತ್ತು. 1904ರಲ್ಲಿ ಅವರು ಕಡ್ಡಿಗಳಿಲ್ಲದ, ಗಾಳಿ ತುಂಬಿದ ಟೈರಿನ ಒಂದು ಬಳೆ ಮಾಡಿದರು. ಅದನ್ನು ಪಂಕ್ಚರಾದ ಚಕ್ರದ ಪಕ್ಕಕ್ಕೆ ಬಿಗಿದು ಮನೆ ಸೇರಬಹುದಿತ್ತು. ಆ ಬಳೆ ಎಂದೋ ಮರೆಯಾಯಿತು. ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಉಳಿದುಕೊಂಡಿತು.

ನನ್ನ ಕಾರಿನ ಸ್ಟೆಪ್ನಿಯನ್ನು ನಾನು ಮೂರು ವರ್ಷ ಹೊರಗೆ ತೆಗೆದಿರಲಿಲ್ಲ. ಒಂದು ಮಳೆಗಾಲದ ಸಂಜೆ ಶಿರಾಡಿ ಘಾಟಿಯಲ್ಲಿ ಹಿಂದಿನ ಎಡ ಚಕ್ರ ಕೂತುಬಿಟ್ಟಿತು. ಲಾರಿ ನಿಲ್ಲಿಸಿ ನೆರವಿಗೆ ಬಂದ ಚಾಲಕರು ಸ್ಟೆಪ್ನಿ ಎತ್ತಿ ನೆಲಕ್ಕೆ ಕುಟ್ಟಿದರು. ಅದು ಪುಟಿಯಲಿಲ್ಲ. "ಇದ್ರಲ್ಲೂ ಗಾಳಿ ಇಲ್ವಲ್ಲ ಸಾರ್" ಎಂದರು. ಹಿಂದಿನ ಸೀಟಿನಲ್ಲಿ ಅಮ್ಮ. ಆ ಸ್ಟೆಪ್ನಿ ಅವರ ಲಾರಿಯಲ್ಲಿ ಸಕಲೇಶಪುರಕ್ಕೆ ಹೋಗಿ, ಗಾಳಿ ತುಂಬಿಸಿಕೊಂಡು ಇನ್ಯಾರದೋ ಗಾಡಿಯಲ್ಲಿ ಮರಳುವ ಹೊತ್ತಿಗೆ ಕತ್ತಲಾಗಿತ್ತು. ತಿರುವಿನಲ್ಲಿ ಬಸ್ಸಿನ ಬೆಳಕು ಬಿದ್ದಾಗಲೆಲ್ಲ ನನ್ನ ಎದೆ ನಡುಗುತ್ತಿತ್ತು.

ಬಳಸದೆ ಇಟ್ಟರೂ ಟೈರಿನ ಗಾಳಿ ಮೆಲ್ಲಗೆ ಸೋರುತ್ತಲೇ ಇರುತ್ತದೆ. ನಾಲ್ಕು ಚಕ್ರಕ್ಕೆ ಗಾಳಿ ಹೊಡೆಸುವಾಗ ಐದನೆಯದನ್ನೂ ತೆಗೆದುಕೊಡಿ. ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ರಬ್ಬರಿಗೂ ವಯಸ್ಸಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ, ನೋಡಲು ಹೊಸದರಂತಿದ್ದರೂ ನಂಬಬೇಡಿ. ಇತ್ತೀಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಕಾರು ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಿ. ಟೈರಿನ ಪಕ್ಕ ಹರಿದರೆ ಆ ಕಿಟ್‌ನಿಂದ ಪ್ರಯೋಜನವಿಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ನಟ್ಟುಗಳಲ್ಲಿ. ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿದ ನಟ್ಟು, ಕಾರಿನ ಜೊತೆ ಬಂದ ಗಿಡ್ಡ ಪಾನಾಕ್ಕೆ ಮಿಸುಕುವುದಿಲ್ಲ. ಕೊನೆಯ ಬಿಗಿತವನ್ನು ಕೈಯಲ್ಲೇ ಮಾಡಿ ಎಂದು ಅಲ್ಲೇ ಹೇಳಿ, ಹೇಳಲು ಸಂಕೋಚ ಬೇಡ. ಚಕ್ರ ಬಿಚ್ಚುವಾಗ ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಎಲ್ಲರನ್ನೂ ಕಾರಿನಿಂದ ಇಳಿಸಿ. ಜಾಕಿ ಏರಿಸುವ ಮೊದಲೇ, ಚಕ್ರ ನೆಲದ ಮೇಲಿರುವಾಗ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿಯಿಂದ ಜಾರಬಹುದು. ಅದೇ ಭಯಕ್ಕೆ ಬಲ್ಲವರು ಕೈಲಿರುವ ಸ್ಟೆಪ್ನಿಯನ್ನು ಕಾರಿನಡಿ ಮಲಗಿಸಿಟ್ಟಿರುತ್ತಾರೆ. ಬಿಗಿಯುವಾಗ ಪಕ್ಕಪಕ್ಕದ ನಟ್ಟು ಬೇಡ, ಒಂದರ ನಂತರ ಅದರ ಎದುರಿನದು. ಕಾರು ಇಳಿಸಿದ ಮೇಲೆ ಕೊನೆಯ ಬಿಗಿತ.

ಹೋದ ತಿಂಗಳು ಮಗಳು ಕೆಲಸಕ್ಕೆಂದು ಮಂಗಳೂರಿಗೆ ಹೊರಟಾಗ, ಹಿಂದಿನ ಭಾನುವಾರ ಅಂಗಳದಲ್ಲಿ ಇದನ್ನೆಲ್ಲ ಅವಳಿಂದಲೇ ಮಾಡಿಸಿದೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು, ಎರಡನೇ ಸಲ ಅದರ ಅರ್ಧ. ಡಿಕ್ಕಿಯಲ್ಲಿ ಒಂದು ಟಾರ್ಚು, ಒಂದು ಹಳೆಯ ಗೋಣಿ ಇಟ್ಟಿದ್ದೇನೆ. ಮೊನ್ನೆ ಅವಳ ಫೋನು: "ಅಪ್ಪಾ, ಪಂಕ್ಚರ್ ಆಯ್ತು, ನಾನೇ ಬದಲಾಯಿಸ್ದೆ." ಬಿಚ್ಚಿದ ಟೈರಿಗೆ ಪಂಕ್ಚರ್ ಹಾಕಿಸಿದೆಯಾ ಎಂದು ಕೇಳಿದೆ. ಅಂಗಡಿಯ ಮುಂದೆಯೇ ನಿಂತಿದ್ದಳು.