‘ಹೊರಗೆ’ ಎಂದರೆ ಎಲ್ಲಿ?

ಬೆಳಿಗ್ಗೆ ಮನೆ ಗುಡಿಸಿ, ಕಸವನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಾಗಿಲಾಚೆ ಇಟ್ಟೊಡನೆ ಮನಸ್ಸು ಹಗುರಾಗುತ್ತದೆ. ಮನೆ ಶುಚಿಯಾಯಿತು, ಕಸ ‘ಹೊರಗೆ’ ಹೋಯಿತು. ಈ ‘ಹೊರಗೆ’ ಎಂಬುದು ಎಲ್ಲಿದೆಯೆಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ?

ಬೆಂಗಳೂರಿನ ಮಟ್ಟಿಗೆ ಅದಕ್ಕೆ ಊರೂ ಉಂಟು, ಹೆಸರೂ ಉಂಟು. ಯಲಹಂಕದ ಆಚೆಯ ಮಾವಳ್ಳಿಪುರ ಒಂದು. ಹಳೆ ಮದ್ರಾಸು ರಸ್ತೆಯ ಕಡೆಯ ಮಂಡೂರು ಇನ್ನೊಂದು. ವರ್ಷಗಟ್ಟಲೆ ನಗರದ ಕಸವು ಲಾರಿಗಳಲ್ಲಿ ಈ ಹಳ್ಳಿಗಳನ್ನು ಸೇರಿ ಗುಡ್ಡವಾಗಿ ಬೆಳೆಯಿತು. 2012ರಲ್ಲಿ ಮಾವಳ್ಳಿಪುರದ ಜನರ ಪ್ರತಿಭಟನೆಯ ನಂತರ ಅಲ್ಲಿ ಕಸ ಸುರಿಯುವುದು ನಿಂತಾಗ ನಗರದ ಬೀದಿಗಳೇ ನಾರಿದವು. ಹೊರೆ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರೂ ಬೀದಿಗಿಳಿದರು.

ಅವರನ್ನು ಬಾಧಿಸಿದ ವಸ್ತುವಾದರೂ ಯಾವುದು? ಅದರಲ್ಲಿ ಹೆಚ್ಚಿನ ಪಾಲು ನಮ್ಮ ಅಡಿಗೆಮನೆಯದೇ. ತರಕಾರಿ ಸಿಪ್ಪೆ, ಮಿಕ್ಕ ಅನ್ನ ತಮ್ಮಷ್ಟಕ್ಕೆ ನಿರಪಾಯಕಾರಿಗಳು. ಗಾಳಿಯಾಡುವ ಮಣ್ಣಿನಲ್ಲಿ ಗೊಬ್ಬರವಾಗುವಂಥವು. ಅವೇ ಪ್ಲಾಸ್ಟಿಕ್ ಚೀಲದೊಳಗೆ, ಗುಡ್ಡದ ಅಡಿಯಲ್ಲಿ, ಗಾಳಿಯಿಲ್ಲದೆ ಕೊಳೆತಾಗ ಹೊತ್ತಿಕೊಳ್ಳುವ ಮೀಥೇನ್ ಅನಿಲವನ್ನು ಹೊರಬಿಡುತ್ತವೆ. ಒಸರುವ ಕಪ್ಪು ರಸವು ಜೊತೆಗೆ ಬಿದ್ದಿರುವ ಬ್ಯಾಟರಿ, ಬಣ್ಣ, ಔಷಧಿಗಳ ವಿಷವನ್ನು ತೊಳೆದುಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ. ವಿಷವನ್ನು ಸೃಷ್ಟಿಸುವುದು ಕಸವಲ್ಲ, ನಾವು ಅದನ್ನು ಬೆರೆಸುವ ಬಗೆ.

ಪರಿಸರಸ್ನೇಹಿ ಬದುಕನ್ನು ನಾವು ಸಾಮಾನ್ಯವಾಗಿ ಒಂದು ಸತ್ಕಾರ್ಯವೆಂಬಂತೆ ವರ್ಣಿಸುತ್ತೇವೆ. ಬಟ್ಟೆಚೀಲ ಹಿಡಿದು ಅಂಗಡಿಗೆ ಹೋದ ದಿನ ಒಳಗೊಳಗೇ ಒಂದಿಷ್ಟು ಹೆಮ್ಮೆ. ನನಗೂ ಅದು ತಪ್ಪಿದ್ದಲ್ಲ. ಆದರೆ ಪಕ್ಕದ ಮನೆಯ ಬಾವಿಗೆ ಹೊಲಸು ಸುರಿಯದವನನ್ನು ಯಾರೂ ದಾನಿಯೆಂದು ಕರೆಯುವುದಿಲ್ಲವಲ್ಲ! ಕಸ ಬೇರ್ಪಡಿಸುವುದು, ಬೇಕಾದಷ್ಟೇ ಬೇಯಿಸುವುದು, ಬೇಡದ ದೀಪ ಆರಿಸುವುದು ಮುಂತಾದ ಕಿರಿಯ ಕೆಲಸಗಳನ್ನು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಹೆಸರಿಸಿ ಹೇಳುವಾಗ ಅವನ್ನು ಕರ್ತವ್ಯವೆಂದೇ ಪರಿಗಣಿಸಿದ್ದಾರೆ. ಕರ್ತವ್ಯವೆಂದರೆ ಸಲ್ಲಬೇಕಾದ ಋಣ.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿ ಏಳುತ್ತದೆ. ಕಸ ಬೇರ್ಪಡಿಸುವುದು 2012ರ ಅಕ್ಟೋಬರಿನಿಂದ ನಗರದಲ್ಲಿ ಕಡ್ಡಾಯವಾಗಿದ್ದರೂ ನಾವು ಬೇರ್ಪಡಿಸಿದ್ದನ್ನು ಎಷ್ಟೋ ಸಲ ಗಾಡಿಯಲ್ಲಿ ಮತ್ತೆ ಬೆರೆಸಿಬಿಡುತ್ತಾರೆ. ಹೀಗಿರುವಾಗ ಒಂದು ಮನೆಯ ಪ್ರಯಾಸದಿಂದ ಫಲವೇನು? ಈ ಮಾತನ್ನು ನಾನು ಅಲ್ಲಗಳೆಯಲಾರೆ. ಲೋಕ ನನ್ನೊಬ್ಬಳ ಸಿಪ್ಪೆಯಿಂದ ತಿರುಗುವುದಿಲ್ಲ. ಆದರೆ ಒಡೆದ ಗಾಜು, ಹಳೆಯ ಬ್ಲೇಡು, ಮಗುವಿನ ಡೈಪರು ಇರುವ ಚೀಲಕ್ಕೆ ಕೈಹಾಕುವ ಪೌರಕಾರ್ಮಿಕ ಹೆಣ್ಣುಮಗಳಿಗೆ ಈ ತರ್ಕ ಅನ್ವಯಿಸದು. ವ್ಯವಸ್ಥೆ ಸರಿಹೋಗಲಿ, ಬಿಡಲಿ, ಅವರ ಬೆರಳು ಇಂದು ಕುಯ್ಯಬೇಕೇ ಬೇಡವೇ ಎಂಬುದು ನನ್ನ ಅಡಿಗೆಮನೆಯಲ್ಲೇ ತೀರ್ಮಾನವಾಗುತ್ತದೆ.

ನನ್ನ ಮೊದಲ ಗೊಬ್ಬರದ ಮಡಕೆಯ ಕಥೆ ಹೇಳಲು ಸಂಕೋಚವಾಗುತ್ತದೆ. ಅನ್ನ, ಸಾರು ಎಲ್ಲವನ್ನೂ ಸುರಿದು ಮುಚ್ಚಿಟ್ಟೆ. ವಾರದೊಳಗೆ ಹುಳ, ಮೇಲ್ಮನೆಯ ಅಕ್ಕನವರು ಮೂಗು ಮುಚ್ಚಿಕೊಂಡೇ ಬಂದು ವಿಚಾರಿಸಿದರು. ತೇವ ಹೆಚ್ಚಾದರೆ ಗಾಳಿ ಆಡದು, ಪ್ರತಿ ಪದರಕ್ಕೂ ಒಣಗಿದ ಎಲೆ ಬೇಕು ಎಂಬುದು ಆಮೇಲೆ ತಿಳಿಯಿತು. ಒಂದಿಷ್ಟು ಹುಳಿಮಜ್ಜಿಗೆ ಚಿಮುಕಿಸಿ, ಆಗಾಗ ಕೆದಕುತ್ತ ಬಂದಮೇಲೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆ ಬಂತು.

ಆದರೆ ಆ ಮಡಕೆ ಕಲಿಸಿದ್ದು ಗೊಬ್ಬರಕ್ಕಿಂತ ಹೆಚ್ಚಾಗಿ ಲೆಕ್ಕವನ್ನು. ಚೀಲದ ಬಾಯಿ ಬಿಗಿದು ಕಳುಹಿಸುತ್ತಿದ್ದಾಗ ಕಾಣದಿದ್ದ ಅನ್ನ ಈಗ ಕಣ್ಣಿಗೆ ಕಾಣತೊಡಗಿತು. ಇಷ್ಟು ಅನ್ನವನ್ನೇ ನಾವು ದಿನವೂ ಎಸೆಯುತ್ತಿದ್ದುದು? ಈಗ ಅಕ್ಕಿ ಅಳೆಯುವಾಗ ಅರ್ಧ ಪಾವು ಕಡಿಮೆ ಹಾಕುತ್ತೇನೆ. ಯಾರೂ ಹಸಿದು ಎದ್ದಿಲ್ಲ.