ಕೊಳ್ಳಕ್ಕೆ ಮರಳುವವರು

ಹರೆಯದಲ್ಲಿ ನಡೆದಾಡಿದ ಜಾಗಕ್ಕೆ ವಯಸ್ಸಾದ ಮೇಲೆ ಹೋಗಿ ಬಂದವರು ಹೇಳುವ ಮಾತೊಂದಿದೆ: ಜಾಗ ಹಾಗೇ ಇದೆ, ಬದಲಾದದ್ದು ನಾವು. ಮರುಭೂಮಿಯ ಬಂಡೆಗಳ ವಿಷಯದಲ್ಲಂತೂ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಅಮೆರಿಕದ ಯೂಟಾ ಮತ್ತು ಅರಿಜೋನಾ ಸೀಮೆಯಲ್ಲಿ ಕೊಲೊರಾಡೊ ನದಿ ಕೊರೆದ ಗ್ಲೆನ್ ಕ್ಯಾನ್ಯನ್ ಎಂಬ ಕೊಳ್ಳವನ್ನೇ ನೋಡಿ. ಅದರ ಕೆಂಪು ಗೋಡೆಗಳು ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳ ದಿಬ್ಬಗಳು. ಆ ಗಾಳಿ ಬೀಸಿದ ದಿಕ್ಕು ಈಗಲೂ ಕಲ್ಲಿನ ಓರೆಗೆರೆಗಳಲ್ಲಿ ಕಾಣುತ್ತದೆ. ಅಂಥದರ ಮುಂದೆ ಮನುಷ್ಯನ ಐವತ್ತು ವರ್ಷ ಯಾವ ಲೆಕ್ಕ? ಮೇಲ್ನೋಟಕ್ಕೆ ಇದು ವಿನಯದ ಮಾತು. ಆದರೆ ಅದು ನಿಜವಲ್ಲ, ಮತ್ತು ಅದನ್ನು ನಂಬಿದ್ದರಿಂದ ದೊಡ್ಡ ನಷ್ಟವೇ ಆಗಿದೆ.

ಮರುಭೂಮಿಯ ಕೊಳ್ಳ ಬದಲಾಗುತ್ತಲೇ ಇರುತ್ತದೆ, ಆದರೆ ನಾವು ಎಣಿಸಿದ ಕಡೆಯಲ್ಲಲ್ಲ. 1997ರ ಆಗಸ್ಟ್‌ನಲ್ಲಿ ಎಷ್ಟೋ ಮೈಲಿ ಮೇಲ್ಭಾಗದಲ್ಲಿ ಸುರಿದ ಮಳೆ ಗ್ಲೆನ್ ಕ್ಯಾನ್ಯನ್ ಪಕ್ಕದ ಆ್ಯಂಟಲೋಪ್ ಕ್ಯಾನ್ಯನ್‌ನ ಇಕ್ಕಟ್ಟಿನೊಳಕ್ಕೆ ನುಗ್ಗಿ ಹನ್ನೊಂದು ಪ್ರವಾಸಿಗರನ್ನು ಬಲಿತೆಗೆದುಕೊಂಡಿತು. ಇಂಥ ಒಂದು ಪ್ರವಾಹ ಸಾಕು, ಆಳೆತ್ತರದ ಮರಳು ರಾತ್ರೋರಾತ್ರಿ ಕೊಚ್ಚಿಹೋಗಿ ನೆಲವೇ ಬೇರೆಯಾಗಿಬಿಡುತ್ತದೆ. ಅದೇ ಸೀಮೆಯ ಬಯಲಿನಲ್ಲಿ ಸಯನೋಬ್ಯಾಕ್ಟೀರಿಯ, ಕಲ್ಲುಹೂವು, ಹಾವಸೆಗಳು ಸೇರಿ ಮಣ್ಣಿನ ಮೇಲೆ ಕಪ್ಪನೆಯ ಹೆಪ್ಪು ಕಟ್ಟುತ್ತವೆ. ಬೆರಳೊತ್ತಿದರೆ ಪುಡಿಯಾಗುವಷ್ಟು ಮೃದುವಾದ ಈ ಹೆಪ್ಪು ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಅಂದರೆ ಇಪ್ಪತ್ತರ ಹರೆಯದಲ್ಲಿ ದಾರಿ ಬಿಟ್ಟು ಹಾಕಿದ ಹೆಜ್ಜೆಯನ್ನು ಆ ಮಣ್ಣು ಇನ್ನೂ ಹೊತ್ತಿರಬಹುದು, ಅಂದು ಮಲಗಿದ್ದ ಮರಳದಂಡೆ ಮಾತ್ರ ಇರಲಿಕ್ಕಿಲ್ಲ. ಗಟ್ಟಿಯಾದದ್ದು ಉಳಿಯುತ್ತದೆ, ಮೆದುವಾದದ್ದು ಅಳಿಯುತ್ತದೆ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇದು ಕೊಳ್ಳ ತಾನಾಗಿ ಬದಲಾಗುವ ಬಗೆ. ಇನ್ನೊಂದು ಬದಲಾವಣೆ 1963ರಲ್ಲಿ ಬಂತು. 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿತು. 1980ರಲ್ಲಿ ಲೇಕ್ ಪೊವೆಲ್ ಜಲಾಶಯ ತುಂಬುವ ಹೊತ್ತಿಗೆ ಮುಖ್ಯ ಕೊಳ್ಳ, ಹತ್ತಾರು ಪಕ್ಕದ ಕೊಳ್ಳಗಳು, ‘ಕೆಥೀಡ್ರಲ್ ಇನ್ ದಿ ಡೆಸರ್ಟ್’ ಎಂದು ಹೆಸರಾದ ಕಮಾನಿನ ಗವಿ, ಅದರೊಳಗಿನ ಜಲಪಾತ ಎಲ್ಲವೂ ಮುಳುಗಿದ್ದವು. ಆ ವರ್ಷವೇ ಹುಟ್ಟಿ ದೋಣಿಯಲ್ಲಿ ತೇಲುತ್ತ ಬೆಳೆದ ಹುಡುಗನಿಗೆ ಆ ನೀಲಿ ನೀರೇ ಪ್ರಕೃತಿ. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಈ ಮರೆವನ್ನೇ ಗುರುತಿಸಿ ಬರೆದರು: ಪ್ರತಿ ತಲೆಮಾರೂ ತಾನು ಮೊದಲು ಕಂಡ ಸಮುದ್ರವನ್ನೇ ಸಹಜಸ್ಥಿತಿ ಎಂದುಕೊಳ್ಳುತ್ತದೆ, ಅದಕ್ಕೂ ಹಿಂದೆ ಕಳೆದುಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹರೆಯದ ನೆನಪಿಗೆ ಬೆಲೆ ಬರುವುದು ಇಲ್ಲೇ. ಪ್ರವಾಹ ಮಾಡಿದ ಬದಲಾವಣೆ ಯಾವುದು, ಸರ್ಕಾರದ ಯೋಜನೆ ಮಾಡಿದ್ದು ಯಾವುದು ಎಂದು ಬೇರ್ಪಡಿಸಲು ಮೊದಲು ಕಂಡವರು ಬೇಕು. ಗಾಯಕಿ ಕೇಟಿ ಲೀ 1950ರ ದಶಕದಲ್ಲಿ ಇಬ್ಬರು ಗೆಳೆಯರೊಡನೆ ಪಕ್ಕದ ಕೊಳ್ಳಗಳಲ್ಲಿ ನಡೆದಾಡಿ ಹಲವಕ್ಕೆ ಹೆಸರಿಟ್ಟರು. 2017ರಲ್ಲಿ ತೀರಿಕೊಳ್ಳುವವರೆಗೂ ಅಣೆಕಟ್ಟನ್ನು ವಿರೋಧಿಸಿ ಹಾಡಿದರು, ಮಾತಾಡಿದರು. ಅದನ್ನು ಹಳೆಯ ದಿನಗಳ ಹಂಬಲ ಎಂದು ತಳ್ಳಿಹಾಕಿದವರಿದ್ದರು. ನನಗೆ ಅದು ಕಣ್ಣಾರೆ ಕಂಡವಳ ಸಾಕ್ಷ್ಯವಾಗಿಯೇ ಕಾಣುತ್ತದೆ. ನಮ್ಮಲ್ಲೂ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಹಿನ್ನೀರು ಇಳಿದಾಗ ಕಾಣುವ ಅದನ್ನು ನೋಡಲು ಹೋಗುವವರಿಗೆ ಅಲ್ಲಿ ಯಾರ ಗದ್ದೆ ಇತ್ತು ಎಂದು ಹೇಳಬಲ್ಲವರು ಮುಳುಗಡೆಯ ಹಿರಿಯರು ಮಾತ್ರ.

ನೆನಪು ಹೊಗಳುಭಟ ಎಂಬ ಆಕ್ಷೇಪ ಉಂಟು. ಇಪ್ಪತ್ತರ ಕಣ್ಣಿಗೆ ಎಲ್ಲವೂ ಹಿರಿದು, ಆ ದಿನಗಳ ಬೆಳಕನ್ನು ಬಂಡೆಗಳಿಗೆ ಬಳಿದುಕೊಂಡಿರುತ್ತೇವೆ ಎಂಬುದು ನಿಜವೇ. ಆದರೆ ಸಾಕ್ಷಿ ಪರಿಪೂರ್ಣನಲ್ಲವೆಂದು ಯಾವ ವಿಚಾರಣೆಯೂ ಸಾಕ್ಷ್ಯವನ್ನೇ ಕೈಬಿಡುವುದಿಲ್ಲ, ಇನ್ನೊಂದರ ಪಕ್ಕದಲ್ಲಿಟ್ಟು ನೋಡುತ್ತದೆ. ಮರಳಿ ಹೋಗುವುದೆಂದರೆ ಇದೇ, ತನ್ನ ನೆನಪನ್ನು ಆ ನೆಲದ ಮುಂದಿಟ್ಟು ಪರೀಕ್ಷೆಗೆ ಒಡ್ಡುವುದು.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಯಾರ ನೆನಪು? ಛಾಯಾಗ್ರಾಹಕ ಎಲಿಯಟ್ ಪೋರ್ಟರ್ ತೆಗೆದ ಗ್ಲೆನ್ ಕ್ಯಾನ್ಯನ್ ಚಿತ್ರಗಳನ್ನು ಪರಿಸರ ಸಂಘಟನೆ ಸಿಯೆರಾ ಕ್ಲಬ್ 1963ರಲ್ಲಿ ಪುಸ್ತಕವಾಗಿ ತಂದಾಗ ಆ ಕೊಳ್ಳವನ್ನು ಯಾರೂ ಅರಿಯದ ತಾಣವೆಂದು ಕರೆಯಿತು. ನವಾಹೊ, ಪಯೂಟ್, ಹೋಪಿ ಜನರಿಗೆ ಅದು ಗೊತ್ತಿತ್ತು. ಅವರು ಪವಿತ್ರವೆಂದು ನಂಬಿದ ರೇನ್‌ಬೋ ಬ್ರಿಜ್ ಎಂಬ ಕಲ್ಲುಕಮಾನಿನ ಬುಡಕ್ಕೂ ಜಲಾಶಯದ ನೀರು ಬಂತು. ಅಲ್ಲಿ ತಮ್ಮ ಆಚರಣೆ ನಡೆಸಲಾಗುತ್ತಿಲ್ಲವೆಂದು ನವಾಹೊ ಹಿರಿಯರು ಹೂಡಿದ ದಾವೆ 1980ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಯಿತು. ಹೊರಗಿನಿಂದ ಬಂದವನ ನೆನಪು ಪುಸ್ತಕವಾಯಿತು, ಅಲ್ಲೇ ಬಾಳಿದವರ ನೆನಪಿಗೆ ನ್ಯಾಯಾಲಯದಲ್ಲೂ ಜಾಗ ಸಿಗಲಿಲ್ಲ. ಕೊಳ್ಳಕ್ಕೆ ಮರಳುವವನು ತನ್ನದೇ ಮೊದಲ ನೋಟವೆಂದು ಭಾವಿಸಿದರೆ ಅವನೂ ಅದೇ ಮರೆವಿನ ಪಾಲುದಾರ.

ಬರಗಾಲ ಮತ್ತು ಮಿತಿಮೀರಿದ ಬಳಕೆಯಿಂದ 2023ರ ಆರಂಭದಲ್ಲಿ ಲೇಕ್ ಪೊವೆಲ್ ಕಾಲು ಭಾಗಕ್ಕಿಂತ ಕೆಳಗೆ ಇಳಿದಿತ್ತು. ಗೋಡೆಗಳ ಮೇಲೆ ಸುಣ್ಣದ ಬಿಳಿ ಪಟ್ಟಿ, ಕೆಳಗೆ ಹೂಳು. ಆ ಹೂಳನ್ನು ಪಕ್ಕದ ತೊರೆಗಳು ಮತ್ತೆ ಕೊರೆಯುತ್ತಿವೆ. ಹೊರಬಂದ ನೆಲದಲ್ಲಿ ಕಾಟನ್‌ವುಡ್ ಮತ್ತು ವಿಲ್ಲೋ ಸಸಿಗಳು ಎದ್ದಿವೆ. ಇದು 1950ರ ಕೊಳ್ಳ ಅಲ್ಲ, ಹಾಗೇ ಆಗಲಿ ಎಂದು ಹಟ ಹಿಡಿಯುವುದೂ ಸಲ್ಲದು. ಹರೆಯ ಮರಳಿ ಬರಲಿ ಎಂಬ ಆಸೆಗೂ ನದಿಗೆ ತನ್ನ ಪ್ರವಾಹ ಮರಳಲಿ ಎಂಬ ಒತ್ತಾಯಕ್ಕೂ ಬಹಳ ದೂರ. ಮೊದಲನೆಯದು ನಮ್ಮ ಖಾಸಗಿ ಸಂಕಟ, ಎರಡನೆಯದು ನ್ಯಾಯದ ಮಾತು. ಕೊಲೊರಾಡೊ ಜಲಾಶಯಗಳ ನಿರ್ವಹಣೆಗೆ 2007ರಲ್ಲಿ ಮಾಡಿದ ನಿಯಮಗಳ ಅವಧಿ 2026ಕ್ಕೆ ಮುಗಿಯುತ್ತದೆ. ಮುಂದಿನ ನಿಯಮ ಬರೆಯುವವರ ಮುಂದೆ ವಿದ್ಯುತ್ತಿನ ಲೆಕ್ಕ, ಏಳು ರಾಜ್ಯಗಳ ನೀರಿನ ಪಾಲು ಹೇಗೂ ಇರುತ್ತವೆ. ನೀರು ನಿಲ್ಲುವ ಮುಂಚೆ ಅಲ್ಲಿ ನಡೆದವರ ಹೇಳಿಕೆಗಳೂ, ಅವರಿಗಿಂತ ಮೊದಲಿಂದ ಅಲ್ಲಿರುವವರ ಹೇಳಿಕೆಗಳೂ ಅದೇ ಕಡತಕ್ಕೆ ಸೇರಬೇಕು. ಅಣೆಕಟ್ಟಿಗೆ ಮುಂಚಿನ ಕೊಳ್ಳವನ್ನು ಕಂಡವರಲ್ಲಿ ಈಗ ಉಳಿದಿರುವವರು ತೀರ ಕೆಲವರು.